ಶೋರ್‌ಹ್ಯಾಮ್‌ನ ಹನ್ನೊಂದು ಕಮಾನುಗಳು

ಬ್ರೈಟನ್‌ಗೆ ಬಂದವರು ಪಿಯರ್ ಸುತ್ತಿ, ಅರಮನೆ ನೋಡಿ, ಲಂಡನ್ನಿನ ರೈಲು ಹತ್ತುವುದು ವಾಡಿಕೆ. ನಾವು ಪಶ್ಚಿಮದ ಕಡೆಗಿನ ಲೋಕಲ್ ರೈಲು ಹಿಡಿದು ಶೋರ್‌ಹ್ಯಾಮ್-ಬೈ-ಸೀಯಲ್ಲಿ ಇಳಿದೆವು. ಅಲ್ಲಿಂದ ಅಡರ್ ನದಿಯ ದಂಡೆ ಹಿಡಿದು ಉತ್ತರಕ್ಕೆ ನಡಿಗೆ. ಇಳಿತದ ಹೊತ್ತಾದ್ದರಿಂದ ನದಿಯಲ್ಲಿ ನೀರಿಗಿಂತ ಕೆಸರೇ ಹೆಚ್ಚು. ಆಚೆ ದಡದಲ್ಲಿ ವಿಮಾನ ನಿಲ್ದಾಣ, ಅದರ ಹಿಂದಿನ ದಿಣ್ಣೆಯ ಮೇಲೆ ಲ್ಯಾನ್ಸಿಂಗ್ ಕಾಲೇಜಿನ ಎತ್ತರದ ಚಾಪೆಲ್.

ಹದಿನೆಂಟನೇ ಶತಮಾನದಲ್ಲಿ ಕಟ್ಟಿದ ಮರದ ಟೋಲ್ ಸೇತುವೆಯ ಹತ್ತಿರ, ನೀರಿನಂಚಿನಲ್ಲಿ ಸಾಲಾಗಿ ಹನ್ನೊಂದು ಉಕ್ಕಿನ ಕಮಾನುಗಳು. ಇಲ್ಲಿನ ಏರ್ ಶೋದಲ್ಲಿ ವಿಮಾನ ಬಿದ್ದು ಸತ್ತವರು ಹನ್ನೊಂದು ಜನ, ಒಬ್ಬೊಬ್ಬರಿಗೆ ಒಂದೊಂದು ಕಮಾನು. ನಾಯಿ ಅಡ್ಡಾಡಿಸುವವರು, ಸೈಕಲ್ಲಿನವರು ಪಕ್ಕದಲ್ಲೇ ಓಡಾಡುತ್ತಾರೆ. ಬೇಲಿಯಿಲ್ಲ, ಕಾವಲಿಲ್ಲ. ಸ್ಮಾರಕವೆಂದರೆ ಹೀಗಿರಬೇಕು ಎನ್ನಿಸಿತು.

2015ರ ಆಗಸ್ಟ್ 22, ಶನಿವಾರ. ನದಿಯಾಚೆಯ ವಿಮಾನ ನಿಲ್ದಾಣದಲ್ಲಿ ಏರ್ ಶೋ ನಡೆಯುತ್ತಿತ್ತು. 1950ರ ದಶಕದ ಹಾಕರ್ ಹಂಟರ್ ಯುದ್ಧ ಜೆಟ್ ಒಂದು ಲೂಪ್ ಹೊಡೆಯಲು, ಅಂದರೆ ಮೇಲೇರಿ ತಲೆಕೆಳಗಾಗಿ ಮತ್ತೆ ಕೆಳಗಿಳಿದು ಪೂರ್ತಿ ಸುತ್ತು ಹಾಕಲು, ಮೇಲೇರಿತು. ಲೂಪ್‌ನ ಲೆಕ್ಕ ಸರಳ: ನೆತ್ತಿ ತಲುಪಿದಾಗ ಸಾಕಷ್ಟು ಎತ್ತರ ಇಲ್ಲದಿದ್ದರೆ, ಕೆಳಗಿಳಿಯುವಾಗ ಮೂತಿ ಎತ್ತಲು ಜಾಗ ಸಾಲದು. ತನಿಖಾ ವರದಿಯ ಪ್ರಕಾರ ಈ ಕಸರತ್ತಿಗೆ ನೆತ್ತಿಯಲ್ಲಿ ಕನಿಷ್ಠ 3,500 ಅಡಿ ಬೇಕಿತ್ತು, ಹಂಟರ್ ತಲುಪಿದ್ದು ಸುಮಾರು 2,700. ಕಾರಣ ಶುರುವಿನಲ್ಲೇ ಇತ್ತು. 350 ನಾಟ್ (ಗಂಟೆಗೆ ಸುಮಾರು 650 ಕಿ.ಮೀ.) ವೇಗ ಇರಬೇಕಾದಲ್ಲಿ ಇದ್ದದ್ದು 310ರ ಆಸುಪಾಸು; ಮೇಲೇರುವಾಗ ಎಂಜಿನ್ನಿನ ಪೂರ್ತಿ ಶಕ್ತಿಯನ್ನೂ ಬಳಸಿರಲಿಲ್ಲ. ನೆತ್ತಿಯಲ್ಲಿದ್ದಾಗಲೂ ಲೂಪ್ ಕೈಬಿಟ್ಟು ವಿಮಾನವನ್ನು ಹೊರಳಿಸಿ ಹಾರಿಹೋಗಬಹುದಿತ್ತು. ಹಾಗಾಗಲಿಲ್ಲ.

ಬಿದ್ದದ್ದು ಪ್ರದರ್ಶನದ ಮೈದಾನದಲ್ಲಲ್ಲ. ವಿಮಾನ ನಿಲ್ದಾಣದ ಉತ್ತರಕ್ಕೆ ಹಾದುಹೋಗುವ ಎ27 ಹೆದ್ದಾರಿಯ ಮೇಲೆ.

ಸೇತುವೆ ದಾಟಿ ಆ ಹೆದ್ದಾರಿಯ ಅಂಚಿಗೂ ಹೋದೆವು. ನೋಡುವಂಥದ್ದೇನೂ ಇಲ್ಲ, ವಾಹನಗಳು ಒಂದರ ಹಿಂದೊಂದು ಸಾಗುತ್ತಲೇ ಇರುತ್ತವೆ. ಆದರೆ ಅಂದು ಅಲ್ಲಿದ್ದವರು ಯಾರೆಂದು ಓದಿಕೊಂಡು ಬಂದಿದ್ದರಿಂದ ಕಾಲು ಕೀಳಲಾಗಲಿಲ್ಲ. ಮದುಮಗಳನ್ನು ಕರೆತರಲು ಮದುವೆಯ ಕಾರು ಓಡಿಸುತ್ತಿದ್ದ ಚಾಲಕ. ಪಂದ್ಯಕ್ಕೆ ಹೊರಟಿದ್ದ ಇಬ್ಬರು ಫುಟ್‌ಬಾಲ್ ಆಟಗಾರರು, ಇಬ್ಬರಿಗೂ 23 ವರ್ಷ. ಜೊತೆಯಾಗಿ ಸೈಕಲ್ ತುಳಿಯುತ್ತಿದ್ದ ಇಬ್ಬರು ಗೆಳೆಯರು. ವಲ್ಕನ್ ಬಾಂಬರ್ ಎಂಬ ಹಳೆಯ ಯುದ್ಧವಿಮಾನದ ಫೋಟೊ ತೆಗೆಯಲೆಂದು ರಸ್ತೆ ಬದಿ ನಿಂತಿದ್ದ ನಿವೃತ್ತ ಎಂಜಿನಿಯರ್. ಟಿಕೆಟ್ ಕೊಂಡು ಒಳಗೆ ಕೂತವರು ಉಳಿದುಕೊಂಡರು. ಹೊರಗೆ ನಿಂತವರು, ಏರ್ ಶೋ ನೆನಪೂ ಇಲ್ಲದೆ ತಮ್ಮ ಪಾಡಿಗೆ ಹೋಗುತ್ತಿದ್ದವರು ಸತ್ತರು. ಯಲಹಂಕದ ಬೇಲಿಯಾಚೆ ಬಳ್ಳಾರಿ ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಿ ಕತ್ತು ಮೇಲೆತ್ತಿದವರಿಗೆ ಆ ಜಾಗ ಎಂಥದ್ದೆಂದು ಬೇರೆ ಹೇಳಬೇಕಿಲ್ಲ.

ಪೈಲಟ್ ಬದುಕಿ ಉಳಿದರು. 2019ರ ಮಾರ್ಚ್‌ನಲ್ಲಿ ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದ ಜ್ಯೂರಿ ಅವರನ್ನು ನಿರ್ದೋಷಿ ಎಂದಿತು. ಕಸರತ್ತಿನ ವೇಳೆ ಮೈಮೇಲೆ ಬೀಳುವ ಜಿ-ಫೋರ್ಸ್ ಒತ್ತಡಕ್ಕೆ ಅವರ ಯೋಚನಾಶಕ್ತಿ ಕುಗ್ಗಿರಬಹುದು ಎಂಬುದು ಅವರ ಪರ ವಾದವಾಗಿತ್ತು. 2022ರ ಡಿಸೆಂಬರ್‌ನಲ್ಲಿ, ಅಸಹಜ ಸಾವುಗಳ ಕಾರಣ ವಿಚಾರಿಸುವ ಅಧಿಕಾರಿಯಾದ ಕರೋನರ್ ಆ ಹನ್ನೊಂದು ಸಾವುಗಳನ್ನು ಕಾನೂನುಬಾಹಿರ ಹತ್ಯೆ ಎಂದರು. ಎರಡು ಕಟ್ಟೆಗಳಲ್ಲಿ ಎರಡು ನ್ಯಾಯ. ಸಾಕ್ಷ್ಯದ ಅಳತೆಗೋಲು ಎರಡೂ ಕಡೆ ಬೇರೆ, ಕಾನೂನಿನಲ್ಲಿ ಅದಕ್ಕೆ ಅವಕಾಶವಿದೆ. ಸತ್ತವರ ಮನೆಯವರಿಗೆ ಇದನ್ನು ಹೇಗೆ ವಿವರಿಸುವುದೋ.

ಮಧ್ಯಾಹ್ನ ವಿಮಾನ ನಿಲ್ದಾಣದ ಕೆಫೆಯಲ್ಲಿ ಚಹಾ ಕುಡಿದೆವು. 1936ರ ಬಿಳಿಯ ಆರ್ಟ್ ಡೆಕೊ ಕಟ್ಟಡ ಕಣ್ಣಿಗೆ ಹಬ್ಬ. ಹೊರಗೆ ಪುಟ್ಟ ತರಬೇತಿ ವಿಮಾನಗಳು ಏರಿಳಿಯುತ್ತಿದ್ದವು. ಏರ್ ಶೋ ಮಾತ್ರ ಇಲ್ಲಿ ಮತ್ತೆ ನಡೆದಿಲ್ಲ. ದುರಂತದ ಬೆನ್ನಲ್ಲೇ ಹಳೆಯ ಯುದ್ಧ ಜೆಟ್‌ಗಳು ಭೂಪ್ರದೇಶದ ಮೇಲೆ ಹಾರುವಾಗ ಕಸರತ್ತು ಮಾಡದೆ ಬರೀ ಹಾದುಹೋಗಬೇಕೆಂದು ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರ ನಿರ್ಬಂಧ ಹಾಕಿತು.

ಜೊತೆಗಿದ್ದ ಗೆಳೆಯನಿಗೆ ಇದು ಅತಿಯಾಯಿತು ಎನ್ನಿಸಿತು. ಒಬ್ಬರ ತಪ್ಪಿಗೆ ಊರಿನ ಹಬ್ಬವೇ ನಿಲ್ಲಬೇಕೆ ಎಂದ. ನಾನು ಒಪ್ಪಲಿಲ್ಲ. ಪೈಲಟ್ ಯಾವ ಕಸರತ್ತನ್ನು ಎಲ್ಲಿ ಮಾಡುತ್ತಾರೆಂಬುದು ಸಂಘಟಕರಿಗೇ ಮೊದಲು ಗೊತ್ತಿರಲಿಲ್ಲ ಎನ್ನುತ್ತದೆ ಅದೇ ತನಿಖಾ ವರದಿ. ಮೈದಾನವನ್ನು ಖಾಲಿ ಮಾಡಿಸಬಹುದು, ಎ27ನ್ನು ಖಾಲಿ ಮಾಡಿಸುವವರು ಯಾರು? ರೈಲು ಬ್ರೈಟನ್ ಮುಟ್ಟುವವರೆಗೂ ವಾದ ನಡೆದೇ ಇತ್ತು.