ಇಲಿ ಕಾಲು ಎತ್ತಲಿಲ್ಲ

ಅಜ್ಜಿಗೆ ಎರಡು ವರ್ಷದ ಹಿಂದೆ ಎಡ ಪಕ್ಕೆಯಲ್ಲಿ ಸರ್ಪಸುತ್ತು ಆಗಿತ್ತು. ಕೆಮ್ಮಣ್ಣು ಹಚ್ಚಿದ್ದಾಯಿತು, ಆಮೇಲೆ ಡಾಕ್ಟರ ಹತ್ತಿರ ಹೋಗಿ ಮಾತ್ರೆ ನುಂಗಿದ್ದೂ ಆಯಿತು. ಗುಳ್ಳೆ ಒಣಗಿತು, ಕಲೆ ಮಾಸಿತು. ಉರಿ ಮಾತ್ರ ಹೋಗಲಿಲ್ಲ. ರವಿಕೆ ಬಟ್ಟೆ ತಾಗಿದರೆ ಸಾಕು, "ಅಯ್ಯಮ್ಮಾ" ಅನ್ನುತ್ತಿದ್ದಳು. ಅದೇ ಜಾಗವನ್ನು ಅಂಗೈಯಿಂದ ಗಟ್ಟಿಯಾಗಿ ಅದುಮಿ ಹಿಡಿದರೆ ಪರವಾಗಿಲ್ಲವಂತೆ. ಮನೆಯವರಿಗೆಲ್ಲ ಇದು ವಿಚಿತ್ರ. ನನಗಲ್ಲ. ಎಂ.ಫಾರ್ಮ್ ಓದುವಾಗ ಆರು ತಿಂಗಳು ಇದನ್ನೇ, ನರ ಕೆಟ್ಟು ಬರುವ ನೋವನ್ನು, ಇಲಿಗಳಲ್ಲಿ ಅಳೆದವಳು ನಾನು.

ನಮ್ಮವು ಲ್ಯಾಬಿನಲ್ಲಿ ಸಾಕುವ ವಿಸ್ಟರ್ ತಳಿಯ ಇಲಿಗಳು, 200 ಗ್ರಾಂ ಆಸುಪಾಸಿನವು. ಅರಿವಳಿಕೆ ಕೊಟ್ಟು, ತೊಡೆಯಲ್ಲಿ ಕೊಯ್ದು, ಕಾಲಿಗೆ ಹೋಗುವ ದೊಡ್ಡ ನರವಾದ ಸಯಾಟಿಕ್ ನರಕ್ಕೆ ಹೊಲಿಗೆಯ ಕ್ಯಾಟ್‌ಗಟ್ ದಾರದಲ್ಲಿ ನಾಲ್ಕು ಗಂಟು, ಸುಮಾರು 1 ಮಿಲಿಮೀಟರ್ ಬಿಟ್ಟು ಬಿಟ್ಟು. ಬೆನೆಟ್ ಮತ್ತು ಷಿ 1988ರಲ್ಲಿ ಬರೆದ ವಿಧಾನ ಇದು. ಗಂಟು ಬಿಗಿಯಬಾರದು, ಸುಮ್ನೆ ನರವನ್ನು ಮುಟ್ಟಿಕೊಂಡಿರಬೇಕು. ಬಿಗಿದರೆ ಕಾಲು ಸ್ವಾಧೀನ ತಪ್ಪುತ್ತದೆ. ಸಡಿಲವಾಗಿ ಕಟ್ಟಿದರೆ ನರ ತಾನೇ ಊದಿಕೊಂಡು ದಾರಕ್ಕೆ ಸಿಕ್ಕಿಕೊಳ್ಳುತ್ತದೆ. ಕೆಲವು ದಿನಗಳಲ್ಲೇ ಇಲಿ ಆ ಕಾಲನ್ನು ಊರದೆ, ಬೆರಳು ಮುದುರಿಕೊಂಡು ನಡೆಯಲು ಶುರು ಮಾಡುತ್ತದೆ. ಅದನ್ನು ಮೊದಲ ಸಲ ನೋಡಿದ ದಿನ ನನಗೆ ಮಧ್ಯಾಹ್ನದ ಊಟ ಸೇರಲಿಲ್ಲ. ಎಥಿಕ್ಸ್ ಕಮಿಟಿಯ ಒಪ್ಪಿಗೆ ಇತ್ತು. ಎಷ್ಟು ಇಲಿ ಬೇಕು, ಅಷ್ಟೇ ಯಾಕೆ ಬೇಕು ಅಂತ ಲೆಕ್ಕ ಕೊಟ್ಟಿದ್ದೆವು. ಆದರೂ.

ಅಳೆಯುವುದು ಹೇಗೆ ಅಂದರೆ, ತಂತಿ ಜಾಲರಿಯ ಮೇಲೆ ಪಾರದರ್ಶಕ ಡಬ್ಬಿ, ಅದರೊಳಗೆ ಇಲಿ, ಕೆಳಗೆ ಕತ್ತು ಸೊಟ್ಟ ಮಾಡಿಕೊಂಡು ನಾನು. ಕೈಯಲ್ಲಿ ಫಾನ್ ಫ್ರೇ ಎಳೆಗಳು. ಹಿಂದೆ ಫಾನ್ ಫ್ರೇ ಅನ್ನುವ ವಿಜ್ಞಾನಿ ಇದಕ್ಕೆ ಕುದುರೆ ಕೂದಲು ಬಳಸಿದ್ದ, ಈಗ ನೈಲಾನ್. ಒಂದೊಂದು ಎಳೆ ಇಷ್ಟು ಗ್ರಾಂ ಒತ್ತಿದರೆ ಬಾಗುತ್ತದೆ ಅಂತ ಲೆಕ್ಕ ಇರುತ್ತದೆ. ಅಂಗಾಲಿನ ನಡುವೆ 2 ಗ್ರಾಂ ಎಳೆಯಿಂದ ಶುರು. ಇಲಿ ಕಾಲು ಎತ್ತಿದರೆ ಇನ್ನೂ ತೆಳ್ಳಗಿನದು, ಎತ್ತದಿದ್ದರೆ ದಪ್ಪನೆಯದು. 15 ಗ್ರಾಂಗೂ ಎತ್ತದಿದ್ದರೆ ಅಲ್ಲಿಗೆ ನಿಲ್ಲಿಸುತ್ತೇವೆ. ನರ ಕೆಟ್ಟ ಇಲಿ 2 ಗ್ರಾಂಗೇ ಕಾಲು ಎಳೆದುಕೊಂಡು ನೆಕ್ಕತೊಡಗುತ್ತದೆ. ಅಜ್ಜಿಯ ರವಿಕೆ ಕಥೆಯೇ, ಅಲ್ವಾ?

ಡಬ್ಬಿಗೆ ಹಾಕಿದ ಕೂಡಲೇ ಒತ್ತುವಂತಿಲ್ಲ. ಮೂಸಿ, ಸುತ್ತಿ, ಮುಖ ಉಜ್ಜಿಕೊಂಡು ಅದು ತೆಪ್ಪಗೆ ಕೂರುವವರೆಗೆ ಕಾಯಬೇಕು. ಆ ದಿನ ಮಲ್ಲಿಗೆ ಮುಡಿಯುವಂತಿಲ್ಲ, ಸೆಂಟ್ ಹಾಕುವಂತಿಲ್ಲ. ಗಂಡಸರ ವಾಸನೆಗೇ ಇಲಿಗಳು ಗಾಬರಿಯಾಗಿ ನೋವು ಕಮ್ಮಿ ತೋರಿಸುತ್ತವೆ, ಅವರು ಹಾಕಿ ಬಿಚ್ಚಿದ ಟೀ ಶರ್ಟ್ ಪಕ್ಕದಲ್ಲಿಟ್ಟರೂ ಸಾಕು ಅಂತ 2014ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ತೋರಿಸಿದ್ದಾರೆ. ಬ್ಯಾಚಿನ ಹುಡುಗರನ್ನು ರೇಗಿಸಲು ನಮಗೆ ಇಷ್ಟು ಸಿಕ್ಕಿದ್ದೇ ಸಾಕಾಯಿತು.

ನಾನು ಪರೀಕ್ಷಿಸಿದ್ದಕ್ಕೆ ಹೆಸರೂ ಇರಲಿಲ್ಲ. ಕೆಮಿಸ್ಟ್ರಿಯವರು ಕೊಟ್ಟ ಬಿಳಿ ಪುಡಿ, ಸೀಸೆ ಮೇಲೆ "4ಸಿ" ಅಂತ ಬರೆದಿತ್ತು. ಕೆಲವು ಇಲಿಗೆ ಅದು, ಮೂರು ಡೋಸಿನಲ್ಲಿ. ಕೆಲವಕ್ಕೆ, ಹೋಲಿಸಿ ನೋಡಲು, ನರದ ನೋವಿಗೆ ಈಗಾಗಲೇ ಕೊಡುವ ಗ್ಯಾಬಪೆಂಟಿನ್. ಕೆಲವಕ್ಕೆ ಔಷಧವೇ ಇಲ್ಲದ ದ್ರಾವಣ. ಯಾವ ಇಲಿಗೆ ಏನು ಅನ್ನುವ ಚೀಟಿ, ಅಳೆಯುವ ನನಗೆ ಗೊತ್ತಾಗಬಾರದು ಅಂತ, ಜೂನಿಯರ್ ಹುಡುಗಿಯ ಬೀರುವಿನಲ್ಲಿತ್ತು. ಚೀಟಿ ಬಿಚ್ಚಿದ ದಿನ ನಾನು ಕುಣಿಯುವುದೊಂದು ಬಾಕಿ. 4ಸಿಯ ದೊಡ್ಡ ಡೋಸ್ ತಗೊಂಡ ಇಲಿಗಳು 15 ಗ್ರಾಂ ಎಳೆ ಬಾಗಿದರೂ ಕಾಲು ಎತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಎಲ್ಲರಿಗೂ ಮಸಾಲೆ ದೋಸೆ ಕೊಡಿಸಿದೆ.

ಗೈಡ್ ಮೇಡಂ ಗ್ರಾಫ್ ನೋಡಿ ಒಂದೇ ಮಾತು ಕೇಳಿದರು. "ರೋಟರಾಡ್ ಮಾಡಿದ್ಯಾ?"

ಮಾಡಿರಲಿಲ್ಲ. ಮೊದಲೇ ಮಾಡಬೇಕಿದ್ದದ್ದನ್ನು ನಾಳೆ ನಾಳೆ ಅಂತ ಮುಂದೆ ಹಾಕಿದ್ದೆ. ರೋಟರಾಡ್ ಅಂದರೆ ತಿರುಗುವ ಕೋಲು. ಅದರ ಮೇಲೆ ಇಲಿ ನಡೆಯುತ್ತಾ ಇರಬೇಕು. ಚೆನ್ನಾಗಿರುವ ಇಲಿ ಆರಾಮಾಗಿ ನಡೆಯುತ್ತದೆ. ನನ್ನ ದೊಡ್ಡ ಡೋಸಿನ ಇಲಿಗಳು ಒಂದಾದ ಮೇಲೊಂದು ಧೊಪ್ಪನೆ ಕೆಳಗೆ ಬಿದ್ದವು. ಒಂದಂತೂ ಬಿದ್ದ ಜಾಗದಲ್ಲೇ ತೂಕಡಿಸುತ್ತಿತ್ತು. ನೋವು ಹೋಗಿರಲಿಲ್ಲ, ಎಚ್ಚರ ಹೋಗಿತ್ತು. ಕಮ್ಮಿ ಡೋಸಿನಲ್ಲಿ ಇಲಿ ಬೀಳಲಿಲ್ಲ, ಆದರೆ 2 ಗ್ರಾಂಗೇ ಕಾಲು ಎತ್ತಿತು.

ನಾವು ಅಳೆಯುವುದು ನೋವನ್ನಲ್ಲ, ಎತ್ತಿದ ಕಾಲನ್ನು. ದೊಡ್ಡ ದೊಡ್ಡ ಕಂಪನಿಗಳೂ ಇದರಲ್ಲಿ ಎಡವಿವೆ. ನರಗಳಲ್ಲಿ ನೋವಿನ ಸುದ್ದಿ ಒಯ್ಯುವ ಸಬ್‌ಸ್ಟೆನ್ಸ್ ಪಿ ಅನ್ನುವ ರಾಸಾಯನಿಕದ ಕೆಲಸವನ್ನು ತಡೆಯುವ ಮದ್ದುಗಳು ಪ್ರಾಣಿಗಳಲ್ಲಿ ನೋವು ಇಳಿಸಿದವು, ಮನುಷ್ಯರಿಗೆ ಕೊಟ್ಟಾಗ ಕೈಕೊಟ್ಟವು. ಅವುಗಳಲ್ಲಿ ಒಂದಾದ ಅಪ್ರೆಪಿಟೆಂಟ್ 2003ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂತು, ಕ್ಯಾನ್ಸರಿಗೆ ಕೊಡುವ ಕೀಮೋದಿಂದ ಬರುವ ವಾಂತಿ ತಡೆಯಲು! ತಮಾಷೆ ಅಂದರೆ, ಇಲಿಗೆ ವಾಂತಿ ಮಾಡಲು ಬರುವುದೇ ಇಲ್ಲ.

ಈಗ ಅಜ್ಜಿ ನುಂಗುತ್ತಿರುವುದೂ ಗ್ಯಾಬಪೆಂಟಿನ್ನೇ. ಮೂರ್ಛೆರೋಗಕ್ಕೆ ಅಂತ ಬಂದ ಮಾತ್ರೆ. ಸರ್ಪಸುತ್ತಿನ ನಂತರದ ನೋವಿಗೆ ಅಮೆರಿಕದಲ್ಲಿ 2002ರಲ್ಲಿ ಒಪ್ಪಿಗೆ ಸಿಕ್ಕಿತು. ಶುರು ಮಾಡಿದ ವಾರ ಫೋನಿನಲ್ಲಿ ಕೇಳಿದೆ, "ಉರಿ ಕಮ್ಮಿ ಆಯ್ತಾ ಅಜ್ಜಿ?"

"ಯಾರಿಗ್ಗೊತ್ತು ಕಣೇ. ಹೊತ್ತೂ ಹೊತ್ತೂ ತೂಕಡಿಕೆ. ನಿದ್ದೇಲಿ ಉರಿ ಎಲ್ಲಿ ಗೊತ್ತಾಗುತ್ತೆ?"

ಫೋನ್ ಇಟ್ಟ ಮೇಲೂ ಆ ಬಿದ್ದ ಇಲಿಯೇ ಕಣ್ಣ ಮುಂದೆ. ಡಾಕ್ಟರಿಗೆ ಹೇಳಿದೆವು. ಅವರು ಬೆಳಗಿನ ಮಾತ್ರೆ ಬಿಡಿಸಿ ರಾತ್ರಿಯದನ್ನು ಉಳಿಸಿದರು.

ಹೋದ ಭಾನುವಾರ ಊರಿಗೆ ಹೋಗಿದ್ದೆ. ಬೆಳಿಗ್ಗೆ ಹನ್ನೊಂದಕ್ಕೆ ಜಗಲಿಯಲ್ಲಿ ಚೌಕಾಬಾರ ಆಡುತ್ತಿದ್ದೆವು. ಅಜ್ಜಿ ಚುರುಕಾಗಿದ್ದಳು, ನನ್ನ ಕಾಯಿಗಳ ಲೆಕ್ಕವನ್ನೂ ಅವಳೇ ಇಡುತ್ತಿದ್ದಳು. ಕವಡೆ ಎತ್ತಿಕೊಳ್ಳುವ ನೆಪದಲ್ಲಿ ಬಗ್ಗಿ, ಸೆರಗಿನ ತುದಿಯನ್ನು ಅವಳ ಎಡ ಪಕ್ಕೆಗೆ ಮೆಲ್ಲಗೆ ಸೋಕಿಸಿದೆ.

"ಸ್ವಲ್ಪ ಉರೀತು," ಅಂದಳು. ಕವಡೆ ಬಿಟ್ಟು ನನ್ನ ಕಾಯಿ ಹೊಡೆದಳು.