ಲೂಪಸ್ ಇರುವವರ ಆಯಾಸ: ಫಿಸಿಯೋಥೆರಪಿ ವಿಭಾಗದಲ್ಲಿ ನಾನು ಕಲಿತದ್ದು

ಮಂಗಳೂರಿನ ಆಸ್ಪತ್ರೆಯೊಂದರ ಫಿಸಿಯೋಥೆರಪಿ ವಿಭಾಗದಲ್ಲಿ ಕೆಲಸ ಮಾಡುವ ನನ್ನ ಬಳಿಗೆ ವೈದ್ಯರು ಲೂಪಸ್ ಕಾಯಿಲೆಯವರನ್ನು ಕಳುಹಿಸುವುದು ಸಾಮಾನ್ಯವಾಗಿ ಗಂಟುನೋವಿಗೆ. ಆದರೆ ಸ್ವಲ್ಪ ಹೊತ್ತು ಕುಳಿತು ಮಾತನಾಡಿದರೆ, ನೋವನ್ನಾದರೂ ಸಹಿಸಬಹುದು, ಈ ಸುಸ್ತನ್ನು ಸಹಿಸಲು ಆಗುವುದಿಲ್ಲ ಎಂದು ಹೇಳುವವರೇ ಹೆಚ್ಚು. ರಾತ್ರಿಯಿಡೀ ಮಲಗಿದ್ದರೂ ಏಳುವಾಗಲೇ ಮೈ ಭಾರವಾಗಿರುತ್ತದೆ, ಒಂದು ಬಕೆಟ್ ಬಟ್ಟೆ ಒಗೆದರೆ ಮತ್ತೆ ಆ ದಿನ ಯಾವುದಕ್ಕೂ ಆಗುವುದಿಲ್ಲ ಎನ್ನುತ್ತಾರೆ. ಇದನ್ನು ಕಡತದಲ್ಲಿ ‘ಸುಸ್ತು ಇದೆ’ ಎಂದು ಎರಡು ಪದಗಳಲ್ಲಿ ಬರೆದು ಮುಂದಕ್ಕೆ ಹೋದರೆ ಚಿಕಿತ್ಸೆಗೆ ಬೇಕಾದ ಬಹುಮುಖ್ಯ ಮಾಹಿತಿಯೇ ಕೈತಪ್ಪುತ್ತದೆ ಎಂಬುದನ್ನು ಈ ಕೆಲಸ ನನಗೆ ಕಲಿಸಿದೆ.

ಲೂಪಸ್‌ನಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಅಂಗಾಂಶಗಳ ಮೇಲೆ ಎರಗುತ್ತದೆ. ಈ ಕಾಯಿಲೆ ಇರುವ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಮಹಿಳೆಯರು. ಹೆಚ್ಚಿನವರಲ್ಲಿ ಇದು 15ರಿಂದ 45 ವರ್ಷದ ನಡುವೆ, ಅಂದರೆ ಓದು, ಉದ್ಯೋಗ, ಮದುವೆ, ಮಕ್ಕಳ ಪಾಲನೆ ಎಲ್ಲವೂ ಒಟ್ಟಿಗೆ ಹೆಗಲೇರುವ ಕಾಲದಲ್ಲಿಯೇ ಕಾಣಿಸಿಕೊಳ್ಳುತ್ತದೆ. ಕೆನ್ನೆಯ ಕೆಂಪು, ಬಾಯಿಹುಣ್ಣು, ಮೂತ್ರಪಿಂಡದ ತೊಂದರೆ ಇವೆಲ್ಲ ಒಬ್ಬರಿಗಿದ್ದರೆ ಇನ್ನೊಬ್ಬರಿಗೆ ಇರುವುದಿಲ್ಲ, ಆದರೆ ಆಯಾಸ ಬಹುಪಾಲು ಎಲ್ಲರಿಗೂ ಇರುತ್ತದೆ. ಕಾಯಿಲೆ ಹತೋಟಿಗೆ ಬಂದು ಕಾಯಿಲೆಯ ತೀವ್ರತೆಯನ್ನು ಅಂದಾಜಿಸುವ ಇಎಸ್‌ಆರ್, ಸಿ3, ಸಿ4 ಎಂಬ ರಕ್ತಪರೀಕ್ಷೆಗಳ ವರದಿಗಳೆಲ್ಲ ಸಮಾಧಾನಕರವಾಗಿದ್ದಾಗಲೂ ಅದು ಉಳಿದುಕೊಳ್ಳಬಹುದು. ‘ರಿಪೋರ್ಟ್ ಎಲ್ಲ ಚೆನ್ನಾಗಿದೆಯಲ್ಲ’ ಎಂಬ ಮಾತು ಮನೆಯಲ್ಲಿ ಬಂದಾಗ ಆಕೆಯ ಬಳಿ ತೋರಿಸಲು ಯಾವ ಕಾಗದವೂ ಇರುವುದಿಲ್ಲ. ಇದನ್ನು ಹೇಳಿ ಕಣ್ಣೊರೆಸಿಕೊಂಡವರನ್ನು ಕಂಡಿದ್ದೇನೆ, ಪ್ರತಿ ಸಲವೂ ನನಗೆ ಸಂಕಟವಾಗಿದೆ.

ಆದ್ದರಿಂದ ಈಗ ಹಿಂದಿನ ಒಂದು ವಾರದ ದಿನಚರಿಯನ್ನು ಗಂಟೆಗಂಟೆಯ ಲೆಕ್ಕದಲ್ಲಿ ಬರೆದು ತರಲು ಹೇಳುತ್ತೇನೆ: ಎಷ್ಟು ಹೊತ್ತಿಗೆ ಎದ್ದದ್ದು, ಯಾವ ಕೆಲಸ, ಬಿಸಿಲಿಗೆ ಹೋದದ್ದು, ಮಾತ್ರೆ ತೆಗೆದುಕೊಂಡ ಸಮಯ, ಕುಳಿತಲ್ಲಿಂದ ಏಳಲು ಮನಸ್ಸಾಗದ ಹೊತ್ತು. ಫ್ಯಾಸಿಟ್ ಎಂಬ 13 ಪ್ರಶ್ನೆಗಳ ಪಟ್ಟಿಯೂ ಇದೆ. ಅದು 0ರಿಂದ 52ರವರೆಗೆ ಅಂಕ ಕೊಡುತ್ತದೆ, ಅಂಕ ಕಡಿಮೆಯಾದಷ್ಟೂ ಆಯಾಸ ಹೆಚ್ಚು. ಬದಲಾವಣೆಯನ್ನು ಅಳೆಯಲು ಅದು ಉಪಯುಕ್ತವೇ, ಆದರೆ ಕಾರಣವನ್ನು ತೋರಿಸಿಕೊಡುವುದು ದಿನಚರಿ. ಬಂಟ್ವಾಳದ ಕಡೆಯ, ಬೀಡಿ ಕಟ್ಟುವ ಮಹಿಳೆಯೊಬ್ಬರು ಹೆಚ್ಚು ಬೀಡಿ ಕಟ್ಟಿದ ದಿನ ಸುಸ್ತು ಜಾಸ್ತಿ ಎಂದೇ ನಂಬಿದ್ದರು. ಬರೆದು ನೋಡಿದಾಗ ಅವರು ತೀರಾ ಕುಸಿಯುತ್ತಿದ್ದದ್ದು, ಮಧ್ಯಾಹ್ನದ ಬಿಸಿಲಿನಲ್ಲಿ ನಡೆದುಕೊಂಡು ಹೋಗಿ ಬ್ರಾಂಚಿಗೆ ಬೀಡಿ ಕೊಟ್ಟುಬಂದ ಮರುದಿನಗಳಲ್ಲಿ ಎಂದು ತಿಳಿಯಿತು. ಸೂರ್ಯನ ನೇರಳಾತೀತ ಕಿರಣಗಳು ಲೂಪಸನ್ನು ಕೆರಳಿಸುತ್ತವೆ. ಬೀಡಿ ಕೊಟ್ಟುಬರುವ ಕೆಲಸವನ್ನು ಮನೆಯವರು ವಹಿಸಿಕೊಂಡ ಮೇಲೆ ಅವರ ಆಯಾಸ ಪೂರ್ತಿ ಹೋಗಲಿಲ್ಲವಾದರೂ, ವಾರದಲ್ಲಿ ಅಡುಗೆಮನೆಗೂ ಹೋಗಲಾಗದ ದಿನಗಳು ಕಡಿಮೆಯಾದವು.

ಆಯಾಸದ ಹಿಂದೆ ಅನೇಕ ಸಲ ಒಂದಕ್ಕಿಂತ ಹೆಚ್ಚು ಕಾರಣಗಳಿರುತ್ತವೆ, ಮತ್ತು ಅವುಗಳಲ್ಲಿ ಹಲವಕ್ಕೆ ಚಿಕಿತ್ಸೆ ಇದೆ. ರಕ್ತಹೀನತೆ, ಥೈರಾಯ್ಡ್ ಕೊರತೆ, ಬಿಸಿಲನ್ನು ತಪ್ಪಿಸುವುದರಿಂದ ಬರುವ ವಿಟಮಿನ್ ಡಿ ಕೊರತೆ, ಮೂತ್ರಪಿಂಡದ ತೊಂದರೆ, ಖಿನ್ನತೆ, ನೋವಿನಿಂದ ಕೆಡುವ ನಿದ್ದೆ ಇವನ್ನೆಲ್ಲ ವೈದ್ಯರು ಪರೀಕ್ಷಿಸಿ ನೋಡಬೇಕಾಗುತ್ತದೆ. ಲೂಪಸ್‌ಗೆ ಕೊಡುವ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು ಸಂಜೆಯ ಹೊತ್ತಿಗೆ ತೆಗೆದುಕೊಳ್ಳುವವರಿಗೆ ರಾತ್ರಿ ನಿದ್ದೆ ಹತ್ತದಿರುವುದುಂಟು. ಅದನ್ನು ಬೆಳಗಿನ ತಿಂಡಿಯ ನಂತರಕ್ಕೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಲು ಹೇಳುತ್ತೇನೆ. ನನ್ನ ವಿಭಾಗದಲ್ಲಿಯೇ ಪತ್ತೆ ಮಾಡಬಹುದಾದ ಇನ್ನೊಂದು ಸಂಗತಿಯಿದೆ. ಕೈಯೂರದೆ ಕುರ್ಚಿಯಿಂದ ಏಳಲು, ಬಸ್ಸಿನ ಮೆಟ್ಟಿಲು ಹತ್ತಲು, ತಲೆ ಬಾಚಲು ಕಷ್ಟವಾಗುತ್ತಿದ್ದರೆ ಅದು ಬರೀ ಆಯಾಸವಾಗಿರಲಾರದು. ದೀರ್ಘಕಾಲದ ಸ್ಟೀರಾಯ್ಡ್‌ನಿಂದಲೋ ಸ್ನಾಯುಗಳ ಉರಿಯೂತದಿಂದಲೋ ಸ್ನಾಯುಗಳೇ ಬಲಗುಂದಿರಬಹುದು. ಇವೆರಡರ ಚಿಕಿತ್ಸೆ ತದ್ವಿರುದ್ಧ, ಏಕೆಂದರೆ ಮೊದಲನೆಯದಕ್ಕೆ ಸ್ಟೀರಾಯ್ಡ್ ತಗ್ಗಿಸಬೇಕು, ಎರಡನೆಯದಕ್ಕೆ ಹೆಚ್ಚಿಸಬೇಕಾಗಬಹುದು. ಅದಕ್ಕಾಗಿಯೇ ಕುರ್ಚಿಯಿಂದ ಎದ್ದು ಕೂರುವ ಪರೀಕ್ಷೆ ಮಾಡಿಸದೆ ನಾನು ಯಾರಿಗೂ ವ್ಯಾಯಾಮ ಹೇಳಿಕೊಡುವುದಿಲ್ಲ. ತೊಡೆಸಂದಿಯಲ್ಲಿ ಹೊಸದಾಗಿ ನೋವು ಬಂದಿದ್ದರೂ ಹಾಗೆಯೇ: ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ ಸೊಂಟದ ಕೀಲಿನ ಮೂಳೆಗೆ ರಕ್ತಸಂಚಾರ ಕಡಿಮೆಯಾಗಿ ಹಾನಿಯಾಗುವುದುಂಟು, ಆದ್ದರಿಂದ ಅವರನ್ನು ಮೊದಲು ವೈದ್ಯರ ಬಳಿಗೆ ಹಿಂದಕ್ಕೆ ಕಳುಹಿಸುತ್ತೇನೆ.

ಇಷ್ಟು ಸುಸ್ತಾಗಿರುವವರಿಗೆ ವ್ಯಾಯಾಮವೇ ಎಂದು ಮನೆಯವರು ಕೇಳುವುದು ಸಹಜ. ಆದರೆ ಲೂಪಸ್ ಇರುವವರಲ್ಲಿ ಹಿತಮಿತವಾದ ವ್ಯಾಯಾಮ ಆಯಾಸವನ್ನು ತಗ್ಗಿಸುತ್ತದೆ, ಕಾಯಿಲೆಯನ್ನು ಕೆರಳಿಸುವುದಿಲ್ಲ ಎಂಬುದನ್ನು ಅಧ್ಯಯನಗಳು ತೋರಿಸಿವೆ. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟವಾದ ಯೂಲಾರ್‌ನ, ಆಯಾಸದ ಕುರಿತಾದ ಶಿಫಾರಸುಗಳಲ್ಲಿಯೂ ದೈಹಿಕ ಚಟುವಟಿಕೆಗೆ ಮುಖ್ಯ ಸ್ಥಾನವಿದೆ. ಮಾತನಾಡುತ್ತಾ ನಡೆಯಬಹುದಾದ ವೇಗದಲ್ಲಿ ಐದು ನಿಮಿಷದಿಂದ ಆರಂಭಿಸಿ, ಮರುದಿನ ದೇಹ ಹೇಗಿದೆ ಎಂದು ನೋಡಿಕೊಂಡು ನಿಧಾನವಾಗಿ ಹೆಚ್ಚಿಸಬೇಕು. ಚೈತನ್ಯವಿದ್ದ ದಿನ ಬಾಕಿ ಉಳಿದ ಕೆಲಸವನ್ನೆಲ್ಲ ಮುಗಿಸಿಬಿಡುವ ಹುಮ್ಮಸ್ಸು ಎಲ್ಲಕ್ಕಿಂತ ಅಪಾಯಕಾರಿ. ಅದರ ಫಲವಾಗಿ ಮುಂದಿನ ಎರಡು ಮೂರು ದಿನ ಹಾಸಿಗೆ ಹಿಡಿಯಬೇಕಾಗುತ್ತದೆ. ನಮ್ಮ ಕರಾವಳಿಯ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಸೂರ್ಯ ಏರುವ ಮೊದಲೇ ನಡಿಗೆ ಮುಗಿಸುವುದು ಒಳ್ಳೆಯದು. ಮಳೆಗಾಲದ ಮೋಡವನ್ನೂ ದಾಟಿ ನೇರಳಾತೀತ ಕಿರಣಗಳು ಬರುವುದರಿಂದ ಆಟಿ ತಿಂಗಳಲ್ಲಿಯೂ ಸನ್‌ಸ್ಕ್ರೀನ್ ಬಿಡಬಾರದು.

ಉದ್ಯೋಗದಲ್ಲಿರುವವರಿಗೆ ನಾನು ಸಾಧಾರಣವಾಗಿ ಒಂದು ಪತ್ರ ಬರೆದುಕೊಡುತ್ತೇನೆ, ವೈದ್ಯರು ಅದಕ್ಕೆ ಸಹಿ ಮಾಡುತ್ತಾರೆ. ‘ರೋಗಿಗೆ ವಿಶ್ರಾಂತಿ ಬೇಕು’ ಎಂಬ ಒಂದು ಸಾಲಿನಿಂದ ಮೇಲಧಿಕಾರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡುವ ಯುವತಿಗೆ ಕೂರಲು ಒಂದು ಸ್ಟೂಲು, ಮಧ್ಯಾಹ್ನ ಇಪ್ಪತ್ತು ನಿಮಿಷ ಮಲಗಲು ಅವಕಾಶ, ಸಿಟಿ ಬಸ್ಸಿನ ನೂಕುನುಗ್ಗಲು ತಪ್ಪುವಂತೆ ಅರ್ಧ ಗಂಟೆ ತಡವಾಗಿ ಬರುವ ಅನುಮತಿ ಎಂದು ಬಿಡಿಸಿ ಬರೆದಾಗ ಮಾಲೀಕರು ಮೂರಕ್ಕೂ ಒಪ್ಪಿದರು. ಎಲ್ಲ ಕಡೆ ಹೀಗಾಗುವುದಿಲ್ಲ. ಆದರೂ ಇಂಥದು ಬೇಕು ಎಂದು ಸ್ಪಷ್ಟವಾಗಿ ಕೇಳಿದಾಗ ಸಿಗುವ ಸಾಧ್ಯತೆ ಖಂಡಿತವಾಗಿಯೂ ಹೆಚ್ಚು.

ರೋಗನಿರೋಧಕ ಶಕ್ತಿ ಹೆಚ್ಚಿಸುವುದೆಂದು ಮಾರುವ ಟಾನಿಕ್ಕುಗಳನ್ನು ಸುಸ್ತಿಗೆಂದು ತಾವಾಗಿಯೇ ಕುಡಿಯುವವರಿಗೆ, ನಿಮ್ಮ ಕಾಯಿಲೆಯೇ ಆ ಶಕ್ತಿ ದಾರಿ ತಪ್ಪಿದ್ದರಿಂದ ಬಂದದ್ದು ಎಂದು ವಿವರಿಸಿ, ವೈದ್ಯರನ್ನು ಕೇಳದೆ ಏನನ್ನೂ ಸೇವಿಸಬೇಡಿ ಎಂದು ತಿಳಿಸುತ್ತೇನೆ. ಸ್ಟೀರಾಯ್ಡ್ ಮಾತ್ರೆಯನ್ನು ತಟ್ಟನೆ ನಿಲ್ಲಿಸುವುದು ಇನ್ನೂ ಅಪಾಯಕರ. ದೇಹ ತಾನೇ ತಯಾರಿಸಬೇಕಾದ ಸ್ಟೀರಾಯ್ಡ್ ಆಗ ಸಾಕಷ್ಟು ಇಲ್ಲದೆ ವಿಪರೀತ ನಿಶ್ಶಕ್ತಿ, ವಾಂತಿ, ರಕ್ತದೊತ್ತಡದ ಕುಸಿತ ಉಂಟಾಗಬಹುದು. ಆಯಾಸದ ಜೊತೆಗೆ ಜ್ವರ, ಎದೆನೋವು, ಉಸಿರುಗಟ್ಟುವಿಕೆ, ಕಾಲಿನ ಬಾವು ಅಥವಾ ನೊರೆನೊರೆಯಾದ ಮೂತ್ರ ಕಂಡುಬಂದರೆ ದಿನಚರಿ ಬರೆಯುತ್ತಾ ಕೂರದೆ, ಮುಂದಿನ ಭೇಟಿಯ ದಿನಕ್ಕೂ ಕಾಯದೆ, ಅಂದೇ ಆಸ್ಪತ್ರೆಗೆ ಬರಬೇಕು.