ಆಸ್ಟ್ರೇಲಿಯಾದ ಜನಕ್ಕೆ ಎಂಥ ಪ್ರಧಾನಿ ಬೇಕು? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಊರಿಗೆ ಫೋನ್ ಮಾಡಿದಾಗಲೆಲ್ಲ ಚಿಕ್ಕಪ್ಪ ಕೇಳುವುದು ಇದನ್ನೇ. "ಅಲ್ಲಪ್ಪಾ, ನಿಮ್ಮಲ್ಲಿ ಪ್ರಧಾನಿಗಳು ಸಿಟಿ ಬಸ್ ಹತ್ತಿ ಇಳಿದ ಹಾಗೆ ಬದಲಾಗ್ತಾ ಇದ್ದರಲ್ಲ, ಅಲ್ಲಿನ ಜನಕ್ಕೆ ಎಂಥ ನಾಯಕ ಬೇಕು? ಮುಂದೆ ಯಾರು ಬರ್ತಾರೆ?" ಇಲ್ಲಿಗೆ ಹೊಸದಾಗಿ ಬಂದ ಕನ್ನಡದ ಹುಡುಗರೂ ಕೇಳುತ್ತಾರೆ, ಪೌರತ್ವ ಸಿಕ್ಕಿ ಮೊದಲ ಸಲ ಓಟು ಹಾಕಬೇಕಾದವರಂತೂ ಕೇಳಿಯೇ ಕೇಳುತ್ತಾರೆ. ಪ್ರತಿ ಸಲ ಫೋನಿನಲ್ಲಿ ಅರ್ಧಂಬರ್ಧ ಹೇಳಿ ಬಿಡುವುದಕ್ಕಿಂತ ಒಮ್ಮೆ ಬರೆದೇ ಬಿಡೋಣ ಅನ್ನಿಸಿತು.

ಚಿಕ್ಕದಾಗಿ ಹೇಳುವುದಾದರೆ, ಇಲ್ಲಿ ಗೆಲ್ಲುವುದು ಜನ ತುಂಬಾ ಮೆಚ್ಚಿದ ನಾಯಕ ಅಲ್ಲ. ಜಾಸ್ತಿ ಜನ "ಇವರು ಮಾತ್ರ ಬೇಡಪ್ಪಾ" ಅನ್ನದ ನಾಯಕ. ಇದು ಹೊಗಳಿಕೆಯೂ ಅಲ್ಲ, ಬೈಗುಳವೂ ಅಲ್ಲ. ಇಲ್ಲಿ ಓಟು ಹಾಕುವ ಪದ್ಧತಿಯೇ ಹಾಗಿದೆ.

ಮೊದಲನೆಯದು, ಇಲ್ಲಿ ಓಟು ಹಾಕುವುದು ಕಡ್ಡಾಯ. 1924ರಿಂದ ಹೀಗೇ. ಹಾಕದಿದ್ದರೆ, ಸರಿಯಾದ ಕಾರಣವೂ ಕೊಡದಿದ್ದರೆ, 20 ಡಾಲರ್ ದಂಡ. ದಂಡ ದೊಡ್ಡದೇನಲ್ಲ, ಆದರೂ ನೂರಕ್ಕೆ ಸುಮಾರು 90 ಜನ ಬಂದು ಹಾಕುತ್ತಾರೆ. ಇದರಿಂದ ಏನಾಗುತ್ತದೆ ನೋಡಿ. ನಮ್ಮ ಊರಲ್ಲಿ ಪಕ್ಷದವರು ತಮ್ಮ ಓಟರುಗಳನ್ನು ಮನೆಯಿಂದ ಎಬ್ಬಿಸಿ ಬೂತಿಗೆ ಕರೆತರಬೇಕು, ಅದಕ್ಕೆ ಸಿಟ್ಟು, ಜಾತಿ, ಅಭಿಮಾನ, ಬಿರಿಯಾನಿ ಎಲ್ಲವೂ ಬೇಕಾಗುತ್ತದೆ. ಇಲ್ಲಿ ಅವರು ಹೇಗೂ ಬರುತ್ತಾರೆ. ರಾಜಕೀಯ ಅಂದರೆ ಚಾನೆಲ್ ಬದಲಾಯಿಸುವ ಮನುಷ್ಯನೂ ಶನಿವಾರ ಶಾಲೆಯ ಹಾಲಿಗೆ ಬಂದು ಸಾಲಿನಲ್ಲಿ ನಿಲ್ಲುತ್ತಾನೆ, ಹೊರಗೆ ಶಾಲೆಗೆ ದುಡ್ಡು ಕೂಡಿಸಲು ಸುಡುತ್ತಿರುವ ಸಾಸೇಜ್ ತಿನ್ನುತ್ತಾನೆ (ನಮ್ಮಂಥ ಸಸ್ಯಾಹಾರಿಗಳಿಗೆ ಬ್ರೆಡ್ಡು, ಈರುಳ್ಳಿ, ಮತ್ತೆ ಯಾರೋ ತಾಯಂದಿರು ಮನೆಯಲ್ಲಿ ಮಾಡಿ ತಂದ ಕೇಕು). ಚುನಾವಣೆ ತೀರ್ಮಾನ ಆಗುವುದು ಬಹುಮಟ್ಟಿಗೆ ಆ ಮನುಷ್ಯನಿಂದ. ಅವನಿಗೆ ಕ್ರಾಂತಿ ಬೇಕಿಲ್ಲ. ಅವನಿಗೆ ಬೇಕಿರುವುದು ಇನ್ನು ಮೂರು ವರ್ಷ ಈ ಜನರ ಬಗ್ಗೆ ಜಾಸ್ತಿ ಯೋಚಿಸದೇ ಇರುವ ಅನುಕೂಲ.

ಎರಡನೆಯದು ಓಟಿನ ಚೀಟಿ. ಕೆಳಮನೆಗೆ ಒಂದು ಹಸಿರು ಚೀಟಿ ಕೊಡುತ್ತಾರೆ, ಮೇಲ್ಮನೆಗೆ ಇನ್ನೊಂದು ಉದ್ದನೆಯ ಬಿಳಿ ಚೀಟಿ. ಹಸಿರು ಚೀಟಿಯಲ್ಲಿ ಒಬ್ಬರಿಗೆ ಗುರುತು ಹಾಕಿ ಬಂದರೆ ಆಗುವುದಿಲ್ಲ. ಇದ್ದಷ್ಟೂ ಅಭ್ಯರ್ಥಿಗಳಿಗೆ 1, 2, 3 ಅಂತ ಕೊನೆಯವರೆಗೂ ನಂಬರ್ ಹಾಕಬೇಕು. ನಮ್ಮಲ್ಲಿ ಪದವೀಧರ ಕ್ಷೇತ್ರದ ಚುನಾವಣೆಯಲ್ಲಿ ಮೊದಲ ಪ್ರಾಶಸ್ತ್ಯ, ಎರಡನೇ ಪ್ರಾಶಸ್ತ್ಯ ಅಂತ ಇರುತ್ತದಲ್ಲ, ಸುಮಾರು ಹಾಗೆ. ಕಡಿಮೆ ಓಟು ಬಿದ್ದವರನ್ನು ತೆಗೆಯುತ್ತಾ ಅವರ ಓಟುಗಳನ್ನು ಮುಂದಿನ ನಂಬರಿನವರಿಗೆ ಹಂಚುತ್ತಾ ಹೋಗುತ್ತಾರೆ, ಯಾರಾದರೂ ಅರ್ಧ ದಾಟುವವರೆಗೆ. 2025ರ ಮೇ 3ರ ಚುನಾವಣೆಯಲ್ಲಿ ಲೇಬರ್ ಪಕ್ಷಕ್ಕೆ ಮೊದಲ ನಂಬರ್ ಕೊಟ್ಟವರು ನೂರಕ್ಕೆ 35 ಜನವೂ ಇರಲಿಲ್ಲ. ಆದರೂ ಅವರಿಗೆ 150ರಲ್ಲಿ 94 ಸೀಟು ಬಂತು. ಅಂದರೆ ಮಿಕ್ಕವರಲ್ಲಿ ತುಂಬಾ ಜನ "ನನಗೆ ನೀವೇನೂ ಇಷ್ಟ ಇಲ್ಲ, ಆದರೆ ಆ ಇನ್ನೊಬ್ಬರಿಗಿಂತ ವಾಸಿ" ಅಂದರು. ಪ್ರಧಾನಿ ಆಗುವುದಕ್ಕೆ ಇಷ್ಟು ಸಾಕು. ಎರಡನೇ ಅಥವಾ ಮೂರನೇ ಆಯ್ಕೆಯಾಗುವ ಗುಣ ಇರಬೇಕು ಅಷ್ಟೇ.

ಈಗ ಚಿಕ್ಕಪ್ಪನ ಬಸ್ಸಿನ ಮಾತಿಗೆ ಬರೋಣ. 2010ರಿಂದ 2018ರವರೆಗೆ ಆದದ್ದು ನಿಜಕ್ಕೂ ನಾಚಿಕೆಗೇಡು. ಕೆವಿನ್ ರಡ್ ಹೋಗಿ ಜೂಲಿಯಾ ಗಿಲಾರ್ಡ್, ಗಿಲಾರ್ಡ್ ಹೋಗಿ ಮತ್ತೆ ರಡ್ (ಇಬ್ಬರೂ ಲೇಬರ್‌ನವರು), ಆಮೇಲೆ ಎದುರಿನ ಲಿಬರಲ್ ಪಕ್ಷದ ಟೋನಿ ಅಬಾಟ್, ಮಾಲ್ಕಮ್ ಟರ್ನ್‌ಬುಲ್, ಸ್ಕಾಟ್ ಮಾರಿಸನ್. ಆದರೆ ಇವರಲ್ಲಿ ಜನ ಓಟು ಹಾಕಿ ಇಳಿಸಿದ್ದು ರಡ್ ಅವರನ್ನು 2013ರಲ್ಲಿ, ಮಾರಿಸನ್ ಅವರನ್ನು 2022ರಲ್ಲಿ, ಅಷ್ಟೇ. ಮಿಕ್ಕ ಬದಲಾವಣೆ ಎಲ್ಲ ಪಕ್ಷದ ಎಂಪಿಗಳು ಬಾಗಿಲು ಹಾಕಿಕೊಂಡು ಮಾಡಿದ್ದು. 2010ರ ಜೂನ್‌ನಲ್ಲಿ ಜನ ರಾತ್ರಿ ಮಲಗುವಾಗ ರಡ್ ಪ್ರಧಾನಿ, ಮರುದಿನ ಊಟದ ಹೊತ್ತಿಗೆ ಗಿಲಾರ್ಡ್. ನಮ್ಮಲ್ಲಿ ಹೈಕಮಾಂಡ್ ಮುಖ್ಯಮಂತ್ರಿಯನ್ನು ಬದಲಾಯಿಸಿದರೆ ಮೂರು ತಿಂಗಳು ಮೊದಲೇ ಟಿವಿಯಲ್ಲಿ ಸುಳಿವಾದರೂ ಸಿಗುತ್ತದೆ! ಈ ಕಚ್ಚಾಟ ಇಲ್ಲಿನವರಿಗೆ ಎಷ್ಟು ಬೇಸರ ತಂದಿತೆಂದರೆ, ಕೊನೆಗೆ ಎರಡೂ ಪಕ್ಷಗಳು ಅಧಿಕಾರದಲ್ಲಿರುವ ನಾಯಕನನ್ನು ಸುಲಭವಾಗಿ ಇಳಿಸದಂತೆ ನಿಯಮ ಬಿಗಿ ಮಾಡಿದವು. ಲೇಬರ್ 2013ರಲ್ಲಿ, ಲಿಬರಲ್ 2018ರಲ್ಲಿ. ಲೇಬರ್‌ನ ಆಂಥೊನಿ ಆಲ್ಬನೀಸ್ 2025ರಲ್ಲಿ ಮತ್ತೆ ಗೆದ್ದಾಗ, ಹಿಂದಿನ ಲಿಬರಲ್ ಪ್ರಧಾನಿ ಜಾನ್ ಹೋವರ್ಡ್ ನಂತರ ಸತತ ಎರಡು ಚುನಾವಣೆ ಗೆದ್ದ ಮೊದಲ ಪ್ರಧಾನಿ ಎನಿಸಿಕೊಂಡರು. ಅವರ ಭಾಷಣ ಕೇಳಿದವರಿಗೆ ಗೊತ್ತು, ಮಾತಿನ ಮೋಡಿಯಿಂದಂತೂ ಗೆದ್ದಿದ್ದಲ್ಲ.

ಹಾಗಾದರೆ ಜನ ಏನನ್ನು ಕ್ಷಮಿಸುವುದಿಲ್ಲ? ಇದಕ್ಕೆ ನಾನು ಯಾವಾಗಲೂ ಹೇಳುವುದು ಹವಾಯಿ ಕಥೆ. 2019ರ ಡಿಸೆಂಬರ್. ಕಾಡ್ಗಿಚ್ಚಿಗೆ ನ್ಯೂ ಸೌತ್ ವೇಲ್ಸ್ ರಾಜ್ಯ ಹೊತ್ತಿ ಉರಿಯುತ್ತಿತ್ತು. ಸಿಡ್ನಿಯಲ್ಲಿ ಆಕಾಶ ಕಿತ್ತಳೆ ಬಣ್ಣ, ಹೊಗೆಗೆ ಉಸಿರಾಡುವುದು ಕಷ್ಟ. ಆ ಹೊತ್ತಿನಲ್ಲಿ ಪ್ರಧಾನಿ ಮಾರಿಸನ್ ಹೆಂಡತಿ ಮಕ್ಕಳ ಜೊತೆ ಹವಾಯಿಗೆ ರಜೆಗೆ ಹೋಗಿದ್ದರು, ಅದೂ ಜನಕ್ಕೆ ಹೇಳದೆ. ವಿಷಯ ಹೊರಬಿತ್ತು. ರೇಡಿಯೊದಲ್ಲಿ ಕೇಳಿದಾಗ, ನಾನೇನು ನೀರಿನ ಪೈಪು ಹಿಡಿಯುವವನಲ್ಲವಲ್ಲ ಎಂಬ ಅರ್ಥದ ಮಾತಾಡಿದರು. ಮಾತು ಸುಳ್ಳೇನಲ್ಲ, ಪ್ರಧಾನಿ ಬಂದು ಬೆಂಕಿ ಆರಿಸಬೇಕು ಅಂತ ಯಾರೂ ಕೇಳಿರಲಿಲ್ಲ. ಆದರೆ ಇಲ್ಲಿ ಹಳ್ಳಿಗಳಲ್ಲಿ ಬೆಂಕಿ ಆರಿಸುವವರು ಹೆಚ್ಚಿನವರು ಸಂಬಳ ಇಲ್ಲದ ಸ್ವಯಂಸೇವಕರು, ಅವರೆಲ್ಲ ಕ್ರಿಸ್‌ಮಸ್ ಬಿಟ್ಟು ಕಾಡಂಚಿನಲ್ಲಿ ನಿಂತಿದ್ದರು. ಆಮೇಲೆ ಜನವರಿಯಲ್ಲಿ ಕೊಬಾರ್ಗೊ ಅನ್ನುವ ಸುಟ್ಟುಹೋದ ಊರಿಗೆ ಪ್ರಧಾನಿ ಹೋದರು. ಅಲ್ಲಿನ ಒಬ್ಬ ಹೆಂಗಸು ಕೈಕುಲುಕಲು ಒಪ್ಪಲಿಲ್ಲ. ಪ್ರಧಾನಿಯೇ ಬಗ್ಗಿ ಆಕೆಯ ಕೈ ಎತ್ತಿ ಹಿಡಿದುಕೊಂಡರು. ಆ ವಿಡಿಯೊ ನೋಡದವರು ಈ ದೇಶದಲ್ಲಿ ಇರಲಿಕ್ಕಿಲ್ಲ. ಎರಡೂವರೆ ವರ್ಷದ ನಂತರ ಚುನಾವಣೆ ಬಂದಾಗಲೂ ಜನ ಹವಾಯಿಯನ್ನು ಮರೆತಿರಲಿಲ್ಲ.

ಮಾತು ತಪ್ಪುವುದನ್ನೂ ಹಾಗೇ ನೆನಪಿಟ್ಟುಕೊಳ್ಳುತ್ತಾರೆ. ಮೆಲ್ಬರ್ನ್ ಪಶ್ಚಿಮಕ್ಕೆ ಇರುವ ನಮ್ಮ ವೆರಿಬೀ ಕಡೆಯ ಲೇಲರ್ ಕ್ಷೇತ್ರದಿಂದಲೇ ಗೆದ್ದಿದ್ದ ಗಿಲಾರ್ಡ್, ಕಾರ್ಬನ್ ತೆರಿಗೆ ತರುವುದಿಲ್ಲ ಎಂದು 2010ರಲ್ಲಿ ಹೇಳಿ ಆಮೇಲೆ ಕಂಪನಿಗಳು ಉಗುಳುವ ಇಂಗಾಲಕ್ಕೆ ಬೆಲೆ ಕಟ್ಟಿದರು. ಆ ಒಂದು ವಾಕ್ಯ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಅದನ್ನೇ ಹಿಡಿದು ಗೆದ್ದ ಅಬಾಟ್, ಚುನಾವಣೆಯ ಹಿಂದಿನ ರಾತ್ರಿ ಟಿವಿಯಲ್ಲಿ ಶಿಕ್ಷಣಕ್ಕೆ ಕಡಿತ ಇಲ್ಲ, ಆರೋಗ್ಯಕ್ಕೆ ಕಡಿತ ಇಲ್ಲ, ಪಿಂಚಣಿ ಮುಟ್ಟಲ್ಲ ಅಂತ ಪಟ್ಟಿ ಓದಿ, 2014ರ ಬಜೆಟ್‌ನಲ್ಲಿ ಬೇರೆಯದೇ ರಾಗ ಹಾಡಿದರು. ಎರಡು ವರ್ಷದೊಳಗೆ ಅವರ ಪಕ್ಷದವರೇ ಅವರನ್ನು ಇಳಿಸಿದರು.

ಸರಿ, ಹಾಗಾದರೆ ಚುನಾವಣೆಗೆ ಮೊದಲೇ ಎಲ್ಲವನ್ನೂ ಬಿಚ್ಚಿ ಹೇಳಿಬಿಡೋಣ ಅಂತ ಹೊರಟವರ ಕಥೆ ಏನಾಯಿತು? ಅದು ಇನ್ನೂ ಮಜಾ. 1993ರ ಚುನಾವಣೆಗೆ ಲಿಬರಲ್ ನಾಯಕ ಜಾನ್ ಹ್ಯೂಸನ್ ನೂರಾರು ಪುಟದ ಯೋಜನೆ ಹಿಡಿದುಕೊಂಡು ಹೋದರು. ನೂರಕ್ಕೆ 15ರ ಜಿಎಸ್‌ಟಿ ಅದರಲ್ಲಿತ್ತು. ಇವರು ಸೋಲುವುದಕ್ಕೆ ಸಾಧ್ಯವೇ ಇಲ್ಲ ಅಂತ ಎಲ್ಲರೂ ಬರೆದಿದ್ದರು. ಮತದಾನಕ್ಕೆ ಹತ್ತು ದಿನ ಇರುವಾಗ ಟಿವಿ ಸಂದರ್ಶನದಲ್ಲಿ ಮೈಕ್ ವಿಲೆಸಿ ಒಂದು ಸಾದಾ ಪ್ರಶ್ನೆ ಕೇಳಿದರು: ನಾನು ಅಂಗಡಿಯಲ್ಲಿ ಹುಟ್ಟುಹಬ್ಬದ ಕೇಕ್ ಕೊಂಡರೆ ನಿಮ್ಮ ತೆರಿಗೆಯಿಂದ ಅದರ ಬೆಲೆ ಜಾಸ್ತಿ ಆಗುತ್ತದೋ ಕಡಿಮೆ ಆಗುತ್ತದೋ? ಹ್ಯೂಸನ್ ಅರ್ಥಶಾಸ್ತ್ರದ ಪ್ರೊಫೆಸರ್ ಆಗಿದ್ದವರು. ಕೇಕ್ ಅಂಗಡಿಯದೋ, ಅದಕ್ಕೆ ಅಲಂಕಾರ ಇದೆಯೋ, ಮೇಲೆ ಮೇಣದಬತ್ತಿ ಇದೆಯೋ ಅಂತ ವಿವರಿಸುತ್ತಾ ಹೋದರು. ಉತ್ತರ ಲೆಕ್ಕದ ಪ್ರಕಾರ ಸರಿಯೇ ಇದ್ದಿರಬಹುದು. ಆದರೆ ಒಂದು ಕೇಕಿಗೇ ಇಷ್ಟು ಗೋಜಲಾದರೆ ನನ್ನ ಮನೆ ಖರ್ಚಿನ ಗತಿ ಏನು ಅಂತ ಜನ ಹೆದರಿದರು. ಗೆದ್ದದ್ದು ಲೇಬರ್‌ನ ಪ್ರಧಾನಿ ಪಾಲ್ ಕೀಟಿಂಗ್. 2019ರಲ್ಲಿ ಲೇಬರ್ ನಾಯಕ ಬಿಲ್ ಶಾರ್ಟನ್‌ಗೂ ಹೀಗೇ ಆಯಿತು. ಸಮೀಕ್ಷೆ ಎಲ್ಲ ಅವರ ಕಡೆ, ಕೈಯಲ್ಲಿ ದೊಡ್ಡ ತೆರಿಗೆ ಸುಧಾರಣೆ, ಗೆದ್ದದ್ದು ಮಾರಿಸನ್. ಹಾಗಂತ ಧೈರ್ಯ ಮಾಡಿದವರೆಲ್ಲ ಸೋತರು ಅನ್ನುವಂತಿಲ್ಲ. ಹೋವರ್ಡ್ 1998ರಲ್ಲಿ ಅದೇ ಜಿಎಸ್‌ಟಿ ಹೇಳಿಕೊಂಡೇ ಚುನಾವಣೆಗೆ ಹೋಗಿ, ಒಟ್ಟು ಓಟಿನಲ್ಲಿ ಹಿಂದೆ ಬಿದ್ದರೂ ಸೀಟಿನಲ್ಲಿ ಗೆದ್ದರು. ಅಷ್ಟು ಹೊತ್ತಿಗೆ ಅವರು ಪ್ರಧಾನಿಯಾಗಿ ಎರಡೂವರೆ ವರ್ಷ ಆಗಿತ್ತು, ಜನಕ್ಕೆ ಮನುಷ್ಯನ ಪರಿಚಯ ಇತ್ತು, ಜೊತೆಗೆ ಆದಾಯ ತೆರಿಗೆ ಇಳಿಸುತ್ತೇನೆ ಅಂತ ಕೈಗೆ ಏನೋ ಕೊಟ್ಟಿದ್ದರು. ಕಹಿ ಔಷಧಿಯನ್ನು ಪರಿಚಯದವರು ಕೊಟ್ಟರೆ ಕುಡಿಯುತ್ತಾರೆ, ಹೊಸಬರು ಕೊಟ್ಟರೆ ಇಲ್ಲ. ನನಗೆ ಕಾಣುವ ವ್ಯತ್ಯಾಸ ಇಷ್ಟೇ.

2025ರಲ್ಲಿ ಲಿಬರಲ್ ನಾಯಕ ಪೀಟರ್ ಡಟನ್ ಸೋತದ್ದನ್ನೂ ನಾನು ಇದೇ ಲೆಕ್ಕದಲ್ಲಿ ನೋಡುತ್ತೇನೆ. ಏಳು ಕಡೆ ಅಣು ವಿದ್ಯುತ್ ಸ್ಥಾವರ ಅಂದರು, ಸರ್ಕಾರಿ ನೌಕರರು ಮನೆಯಿಂದ ಕೆಲಸ ಮಾಡುವುದು ಬಂದ್ ಅಂದರು. ಎರಡನೆಯದು ಎಷ್ಟು ಜನಕ್ಕೆ ತಾಗಿತು ಅಂತ ಅವರಿಗೆ ಗೊತ್ತೇ ಆಗಲಿಲ್ಲ ಅನ್ನಿಸುತ್ತದೆ. ನಮ್ಮ ಬೀದಿಯಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯದ ಮನೆ ಹುಡುಕಬೇಕು. ಬೆಳಿಗ್ಗೆ ಮಗುವನ್ನು ಚೈಲ್ಡ್‌ಕೇರ್‌ಗೆ ಬಿಟ್ಟು, ತುಂಬಿ ತುಳುಕುವ ರಸ್ತೆಯಲ್ಲಿ ಮೆಲ್ಬರ್ನ್ ಸಿಟಿಗೆ ಹೋಗಿ, ಸಂಜೆ ಆರಕ್ಕೆ ಮೊದಲು ವಾಪಸ್ ಬಂದು ಮಗುವನ್ನು ಕರೆದುಕೊಳ್ಳಬೇಕು. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಅಂದರೆ ಸಂಸಾರ ನಡೆಯುವುದೇ ಅದರಿಂದ. ಇವತ್ತು ಸರ್ಕಾರಿ ನೌಕರರಿಗೆ ಬಂದ್ ಮಾಡಿದರೆ ನಾಳೆ ನಮ್ಮ ಕಂಪನಿಯವರೂ ಶುರು ಮಾಡುತ್ತಾರೆ ಅಂತ ಸರ್ಕಾರಿ ಕೆಲಸದಲ್ಲಿ ಇಲ್ಲದವರೂ ಗಾಬರಿಯಾದರು. ಚುನಾವಣೆ ಪ್ರಚಾರದ ನಡುವೆಯೇ ಡಟನ್ ತಪ್ಪಾಯಿತು ಅಂತ ಹಿಂದೆ ತೆಗೆದುಕೊಂಡರು, ಆದರೆ ಹೆದರಿದವರು ಹೆದರಿ ಆಗಿತ್ತು. ಕೊನೆಗೆ ಡಿಕ್ಸನ್‌ನಲ್ಲಿ ತಮ್ಮ ಸ್ವಂತ ಸೀಟನ್ನೇ ಕಳೆದುಕೊಂಡರು. ವಿರೋಧ ಪಕ್ಷದ ನಾಯಕ ಹಾಗೆ ಚುನಾವಣೆಯಲ್ಲಿ ಸೀಟು ಕಳೆದುಕೊಂಡದ್ದು ಅದೇ ಮೊದಲು. ಆಲ್ಬನೀಸ್ ಮಾತ್ರ ಹೋದಲ್ಲೆಲ್ಲ ಜೇಬಿನಿಂದ ಹಸಿರು ಮೆಡಿಕೇರ್ ಕಾರ್ಡ್ (ಸರ್ಕಾರಿ ಆರೋಗ್ಯ ವಿಮೆಯದು) ತೆಗೆದು ತೋರಿಸುತ್ತಿದ್ದರು. ಡಾಕ್ಟರ ಬಳಿ ಹೋದರೆ ದುಡ್ಡು ಕೊಡಬೇಕಾಗದು, ಇಷ್ಟೇ ಸಂದೇಶ. ಬೋರು ಹೊಡೆಸುವಷ್ಟು ಸಲ ತೋರಿಸಿದರು. ಕೆಲಸ ಮಾಡಿತು.

ಇಲ್ಲಿ ಪಕ್ಷನಿಷ್ಠೆ ಅಂತ ಇದ್ದದ್ದೂ ಕರಗುತ್ತಿದೆ, ಇದನ್ನು ಮರೆಯಬಾರದು. ಸಿಡ್ನಿಯ ಪಶ್ಚಿಮಕ್ಕೆ ಫೌಲರ್ ಅಂತ ಒಂದು ಕ್ಷೇತ್ರ, ಲೇಬರ್‌ನ ಕೋಟೆ, ವಿಯೆಟ್ನಾಂನಿಂದ ಬಂದವರು ಜಾಸ್ತಿ ಇರುವ ಜಾಗ. 2022ರಲ್ಲಿ ಲೇಬರ್ ಅಲ್ಲಿಗೆ ಕ್ರಿಸ್ಟಿನಾ ಕೆನೀಲಿ ಎಂಬ ದೊಡ್ಡ ನಾಯಕಿಗೆ ಟಿಕೆಟ್ ಕೊಟ್ಟಿತು. ಆಕೆ ಇದ್ದದ್ದು ನಗರದ ಇನ್ನೊಂದು ತುದಿಯ, ನೀರಿನಂಚಿನ ಶ್ರೀಮಂತರ ಕಡೆ. ಜನ ಊರಿನವರೇ ಆದ ಪಕ್ಷೇತರ ಅಭ್ಯರ್ಥಿ ದಾಯ್ ಲೀ ಅವರನ್ನು ಗೆಲ್ಲಿಸಿ ಕಳಿಸಿದರು. ಹೊರಗಿನವರಿಗೆ ಟಿಕೆಟ್ ಕೊಟ್ಟರೆ ಏನಾಗುತ್ತದೆ ಅಂತ ನಮ್ಮ ಜಿಲ್ಲೆಯ ಕಾರ್ಯಕರ್ತರನ್ನು ಕೇಳಿದ್ದರೂ ಹೇಳುತ್ತಿದ್ದರು. ನಮ್ಮ ವೆರಿಬೀಯಲ್ಲೂ 2025ರ ಫೆಬ್ರವರಿಯ ರಾಜ್ಯ ಉಪಚುನಾವಣೆಯಲ್ಲಿ, ರಸ್ತೆ, ರೈಲು ಅಂತ ಸಿಟ್ಟಾಗಿದ್ದ ಜನ ಲೇಬರನ್ನು ಸೋಲಿನ ಅಂಚಿಗೆ ತಳ್ಳಿ ಬಿಟ್ಟಿದ್ದರು. ಮೂರೇ ತಿಂಗಳಿಗೆ ಕೇಂದ್ರದ ಚುನಾವಣೆಯಲ್ಲಿ ಅದೇ ಪಕ್ಷ ಇಲ್ಲಿ ಆರಾಮಾಗಿ ಗೆದ್ದಿತು.

ನಮ್ಮವರು ಕೇಳುವ ಉಪಪ್ರಶ್ನೆ ಒಂದಿದೆ: "ನಮ್ಮಂಥವರ ಬಗ್ಗೆ ಅವರ ಧೋರಣೆ ಹೇಗೆ?" ಭಾರತದಲ್ಲಿ ಹುಟ್ಟಿದವರು 2021ರ ಜನಗಣತಿಯಲ್ಲೇ ಆರೂವರೆ ಲಕ್ಷ ದಾಟಿದ್ದೆವು, ಆಗ ಹೊರದೇಶದಲ್ಲಿ ಹುಟ್ಟಿದವರಲ್ಲಿ ಇಂಗ್ಲೆಂಡಿನವರ ನಂತರ ನಾವೇ ಇದ್ದದ್ದು. 2025ರ ಸೆಪ್ಟೆಂಬರ್‌ನಲ್ಲಿ ಲಿಬರಲ್ ಸೆನೆಟರ್ ಜಸಿಂಟಾ ಪ್ರೈಸ್, ಲೇಬರ್ ತನಗೆ ಓಟು ಬರಲಿ ಅಂತಲೇ ಭಾರತೀಯರನ್ನು ಕರೆಸಿಕೊಳ್ಳುತ್ತಿದೆ ಎನ್ನುವ ಹಾಗೆ ಮಾತಾಡಿದರು. ಆಗಿನ ಪಕ್ಷದ ನಾಯಕಿ ಸೂಸನ್ ಲೀ ಕೊನೆಗೆ ಅವರನ್ನು ಮುಂಚೂಣಿ ತಂಡದಿಂದ ತೆಗೆದು, ಭಾರತೀಯರ ಕ್ಷಮೆ ಕೇಳಿದರು. ಅದಕ್ಕೆ ಒಂದು ವಾರ ಹಿಡಿಯಿತು. ನನ್ನ ಪರಿಚಯದವರಲ್ಲಿ ತೆರಿಗೆ ವಿಷಯದಲ್ಲಿ ಲಿಬರಲ್ ಕಡೆ ವಾಲುವವರು ಎಷ್ಟೋ ಜನ ಇದ್ದಾರೆ. ಅವರಿಗೆ ಬೇಕಿದ್ದದ್ದು ದೀಪಾವಳಿಗೆ ಬಂದು ಜುಬ್ಬಾ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುವ ನಾಯಕರಲ್ಲ. ಅಂಥ ಮಾತು ಬಂದ ದಿನವೇ ತಪ್ಪು ಅನ್ನುವ ನಾಯಕರು.

ಇನ್ನು ಮುಂದೆ ಯಾರು ಅನ್ನುವುದು. ಮುಂದಿನ ಚುನಾವಣೆ 2028ರೊಳಗೆ ಆಗಬೇಕು. ಹೆಸರು ಹೇಳುವ ಗೋಜಿಗೆ ನಾನು ಹೋಗುವುದಿಲ್ಲ, ಆದರೆ ಯಾವ ಪ್ರಶ್ನೆಯ ಮೇಲೆ ಆ ಮನುಷ್ಯನ ಪರೀಕ್ಷೆ ಆಗುತ್ತದೆ ಅಂತ ಹೇಳಬಲ್ಲೆ. ಮನೆ. ಇಲ್ಲಿ ಮೂರರಲ್ಲಿ ಎರಡು ಕುಟುಂಬಕ್ಕೆ ಸ್ವಂತ ಮನೆ ಇದೆ, ಸಾಲದಲ್ಲೋ ಸಾಲ ತೀರಿಯೋ. ಮನೆ ಬೆಲೆ ಏರಿತು ಅಂತ ಬೀದಿಯಲ್ಲಿ ಯಾರೂ ನನ್ನನ್ನು ತಡೆದು ದೂರಿಲ್ಲ ಅಂತ ಹೋವರ್ಡ್ ಪ್ರಧಾನಿಯಾಗಿದ್ದಾಗ ಹೇಳುತ್ತಿದ್ದರು. ಅದು ಆ ಕಾಲಕ್ಕೆ ನಿಜ. 2024ರ ಕೊನೆಯಲ್ಲೂ ವಸತಿ ಸಚಿವೆ ಕ್ಲೇರ್ ಓ'ನೀಲ್, ಬೆಲೆ ಇಳಿಸುವುದು ನಮ್ಮ ಉದ್ದೇಶ ಅಲ್ಲ ಎಂದೇ ರೇಡಿಯೊದಲ್ಲಿ ಹೇಳಿದರು. ಆದರೆ 2025ರ ಚುನಾವಣೆಯಲ್ಲಿ ಮೊದಲ ಸಲ ಎಳೆಯ ಎರಡು ತಲೆಮಾರಿನ ಓಟು ಸೇರಿ ಅಜ್ಜ ಅಜ್ಜಿಯರ ತಲೆಮಾರನ್ನು ಮೀರಿಸಿತು. ಈ ಹುಡುಗರು ಸಂಬಳದ ದೊಡ್ಡ ಪಾಲನ್ನು ಬಾಡಿಗೆಗೆ ಸುರಿದು, ಅಪ್ಪ ಅಮ್ಮನ ಸಹಾಯ ಇಲ್ಲದೆ ಮನೆ ಆಗದು ಅಂತ ಕೈಚೆಲ್ಲಿ ಕೂತಿದ್ದಾರೆ. ಅಪ್ಪ ಅಮ್ಮ ಬೇರೆ ದೇಶದಲ್ಲಿ ಇರುವ ನಮ್ಮಂಥವರ ಪಾಡು ಕೇಳಲೇಬೇಡಿ.

ಮನೆ ಇದ್ದವರಿಗೆ ಬೆಲೆ ಇಳಿಯಬಾರದು, ಇಲ್ಲದವರಿಗೆ ಇಳಿಯಲೇಬೇಕು. ಇಬ್ಬರೂ ಒಂದೇ ಮನೆಯಲ್ಲಿ ಅಪ್ಪ ಮಗಳಾಗಿ ಊಟಕ್ಕೆ ಕೂರುತ್ತಾರೆ, ಶನಿವಾರ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಇಬ್ಬರ ಚೀಟಿಯಲ್ಲೂ ಎರಡನೇ ನಂಬರಾದರೂ ಗಿಟ್ಟಿಸುವ ಹಾಗೆ ಮನೆಯ ಬಗ್ಗೆ ನೇರವಾಗಿ ಮಾತಾಡಬಲ್ಲವರು ಸದ್ಯಕ್ಕೆ ಎರಡೂ ಪಕ್ಷದಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ, ಚಿಕ್ಕಪ್ಪ.